ಮಂಗಳವಾರ ಒದರುವ ಗಾಡಿ

ನನ್ನ ಗಾಡಿಗೆ ಮೈಮೇಲೆ ಬರುತ್ತದೆ ಎಂದು ಮೊದಲು ಪತ್ತೆ ಹಚ್ಚಿದವಳು ನಮ್ಮ ಓಣಿಗೆ ಹಾಲು ಹಾಕುವ ಹೆಂಗಸು, ಹಾಲಿನ ಬಾಯಿ. ಬೈಲಹೊಂಗಲದಲ್ಲಿ ಒಂದು ಮಾತು ಹಾಲಿನ ಜೊತೆ ಹೊರಟರೆ ಮುಗಿಯಿತು, ಆ ಹಾಲು ಕಾಯುವುದರೊಳಗೆ ಎಲ್ಲ ಮನೆಗೂ ಮುಟ್ಟಿರುತ್ತದೆ.

"ಮಂಗಳವಾರ, ಶುಕ್ರವಾರ ಅಷ್ಟ ಒದರತೈತಿ ನೋಡ್ರಿ. ಉಳಿದ ದಿನ ಹಾಂ ಹೂಂ ಅನ್ನೂದಿಲ್ಲ. ಅಕೀನ ಬಂದಾಳ ಅದರಾಗ," ಎಂದಳು.

ಅಕಿ ಅಂದರೆ ಸವದತ್ತಿ ಗುಡ್ಡದ ಎಲ್ಲಮ್ಮ. ಅವೆರಡೂ ಅವಳ ವಾರ. ನಾನು ಸಂಗೊಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ದೇವಿ ಬರುವುದಕ್ಕೆ ನನ್ನದೇನೂ ತಕರಾರಿಲ್ಲ. ಆದರೆ ಊರಲ್ಲಿ ಇಷ್ಟು ಟ್ರ್ಯಾಕ್ಟರುಗಳಿರುವಾಗ ಅವಳು ನನ್ನ ಗಾಡಿಯನ್ನೇ ಹುಡುಕಿಕೊಂಡು, ಅದೂ ಸಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಬರುವುದು ಯಾವ ನ್ಯಾಯ?

ಗಾಡಿ ಅಂದರೆ ಪರದೇಶದ ಮೋಟಾರ್ ಸೈಕಲ್ಲು, ಎಮ್ಮೆಯಷ್ಟು ಭಾರ. ಅದನ್ನು ಮಾಡಿದ ಕಂಪನಿ ನಮ್ಮ ಕಡೆಯ ಅಂಗಡಿ ಮುಚ್ಚಿಕೊಂಡು ಹೋದ ಮೇಲೆ, ಬೆಳಗಾವಿಯ ಡಾಕ್ಟರೊಬ್ಬರು ಬೇಸತ್ತು ನನಗೆ ದಾಟಿಸಿದ್ದರು. ಸೊಸೆ ಒಂದು ಹಗುರ ಸ್ಕೂಟರು ತರುತ್ತಾಳೆ ಎಂದುಕೊಂಡಿದ್ದ ಮಾವ, ಅದು ಬಾಗಿಲಲ್ಲಿ ಬಂದು ನಿಂತ ದಿನ ಬಹಳ ಹೊತ್ತು ನೋಡಿ, "ಇದನ್ನ ಕಟ್ಟಾಕ ಗೂಟ ಎಲ್ಲಿ ಹೊಡಿಯೂಣು?" ಎಂದು ಕೇಳಿದ್ದರು. ಜೀವಮಾನವೆಲ್ಲ ಹತ್ತಿ ಅಡತಿಯಲ್ಲಿ, ಅಂದರೆ ದಲ್ಲಾಳಿ ಅಂಗಡಿಯಲ್ಲಿ, ಕಳೆದವರು ಅವರು. ಯಾವ ಮಾಲನ್ನೂ ಮೊದಲ ನೋಟಕ್ಕೆ ಹೊಗಳುವ ರೂಢಿ ಇಲ್ಲ.

ಆದರೆ ಆ ಗಾಡಿ ನನಗೆ ಬೇಕಾಗಿತ್ತು. ಮನೆಯಲ್ಲಿ ನಾನು ಸೊಸೆ, ಸಾಲೆಯಲ್ಲಿ ಅಕ್ಕಾರು, ಮದುವೆ ಮುಂಜಿಯಲ್ಲಿ ಇಂಥವರ ಹೆಂಡತಿ. ಜೋಳದ ಹೊಲಗಳ ನಡುವಿನ ರಸ್ತೆಯಲ್ಲಿ ಅದನ್ನು ಓಡಿಸುವಷ್ಟು ಹೊತ್ತು ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಅಷ್ಟು ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಅದು ಕೈಬಿಟ್ಟು ಹೋದರೆ ನಾನು ಕೂತು ಅಳುವವಳೇ ಎಂದು ನನಗೆ ಗೊತ್ತಿತ್ತು.

ಅದರ ಒದರಾಟಕ್ಕೆ ಕಾರಣ ಕಂಪನಿಯವರೇ ಕೂಡಿಸಿ ಕಳಿಸಿದ ಕಾವಲಿನ ಏರ್ಪಾಡು. ಸೀಟಿನ ಕೆಳಗೆ ಒಂದು ಮಾಡ್ಯೂಲ್, ಅಂದರೆ ಅಂಗೈಯಗಲದ ಕಪ್ಪು ಪೆಟ್ಟಿಗೆ. ಅದಕ್ಕೆ ಜೋಡಿಯಾಗಿ ನಮ್ಮ ಹತ್ತಿರ ಇರಬೇಕಾದ ಸಣ್ಣ ರಿಮೋಟ್. ರಿಮೋಟ್ ಸಮೀಪ ಇದ್ದರೆ ಗಾಡಿ ನಮ್ಮ ಗುರುತು ಹಿಡಿದು ಸುಮ್ಮನಿರುತ್ತದೆ. ಇಲ್ಲದೆ ಯಾರಾದರೂ ಚಾವಿ ತಿರುಗಿಸಿದರೆ, ಅಲುಗಾಡಿಸಿದರೆ, ಓಣಿ ಎದ್ದು ಕೂರುವಂತೆ ಸೈರನ್.

ಆ ರಿಮೋಟನ್ನು ನಾನು ಒಮ್ಮೆ ಕಳೆದುಕೊಂಡಿದ್ದೆ. ಗುಡ್ಡಕ್ಕೆ ಹೋದಾಗ ಉಗರಗೋಳದ ಕಾಯಿ ಅಂಗಡಿಯಲ್ಲಿ ಬಿದ್ದು, ಮಧ್ಯಾಹ್ನವಿಡೀ ಹುಡುಕಿದ ಮೇಲೆ ತೆಂಗಿನ ನಾರಿನ ರಾಶಿಯಲ್ಲಿ ಸಿಕ್ಕಿತು. ಮನೆಗೆ ಬಂದ ಕೂಡಲೇ ಅತ್ತೆ ಅದನ್ನು ನನ್ನ ಕೈಯಿಂದ ಕಸಿದುಕೊಂಡು ತಮ್ಮ ಹಿತ್ತಾಳೆ ಡಬ್ಬಿಯೊಳಗೆ ಹಾಕಿದರು. ಗುಡ್ಡದ ಭಂಡಾರ, ಅಂದರೆ ಎಲ್ಲಮ್ಮನ ಅರಿಷಿಣಪುಡಿ ತುಂಬಿದ, ತಿರುಪಿನ ಮುಚ್ಚಳದ ಗಟ್ಟಿ ಡಬ್ಬಿ ಅದು.

"ಇನ್ನ ಮ್ಯಾಲ ಇದರಾಗ ಇಟಗೊಂಡು ಹೋಗು. ನಿನ್ನ ಕೈಲಿಂದಂತೂ ಆಗೂದಿಲ್ಲ, ಅಕೀನರ ಕಾಯಲಿ," ಎಂದರು.

ನಾನೂ ಒಪ್ಪಿದೆ. ಅತ್ತೆಯ ಮಾತು ಮೀರುವುದಕ್ಕಿಂತ ಅರಿಷಿಣ ಹತ್ತಿದ ರಿಮೋಟ್ ವಾಸಿ.

ಸೈರನ್ ಸುರುವಾದದ್ದು ಅದರ ನಂತರ. ಗಾಡಿ ಒದರಿದ ಕೂಡಲೇ ನಾನು ಡಬ್ಬಿ ತೆರೆದು, ರಿಮೋಟ್ ಹೊರಗೆ ತೆಗೆದು, ಅಂಗೈಗೆ ಎರಡು ಬಾರಿ ಬಡಿಯುತ್ತಿದ್ದೆ. ಗಾಡಿ ತೆಪ್ಪಗಾಗುತ್ತಿತ್ತು. ಬಡಿದದ್ದರಿಂದಲೇ ಸರಿಯಾಯಿತು ಎಂದು ನನ್ನ ತೀರ್ಮಾನ. ಪದವಿ ಪಡೆದ ವಿಜ್ಞಾನ ಶಿಕ್ಷಕಿಯ ತೀರ್ಮಾನ ಅದು. ರಿಮೋಟಿನ ಸೆಲ್ ಬದಲಿಸಿದೆ, ಉಪಯೋಗವಾಗಲಿಲ್ಲ. ಹುಬ್ಬಳ್ಳಿಯ ಮೆಕ್ಯಾನಿಕ್ ಒಬ್ಬ ಫೋನಿನಲ್ಲೇ ಕೇಳಿ, "ಮಾಡ್ಯೂಲ್ ಹೋಗೇತ್ರಿ ಮೇಡಂ, ಬ್ಯಾರೆ ಹಾಕ್ರಿ," ಎಂದ. ಅವನನ್ನು ದೂರಿ ಫಲವಿಲ್ಲ. ನಾನು ಅವನಿಗೆ ಡಬ್ಬಿಯ ಸುದ್ದಿ ಹೇಳಿರಲಿಲ್ಲ.

ಇಷ್ಟರಲ್ಲಿ ಮಾವನ ಸಹನೆ ತೀರಿತು. ಒಂದು ಶುಕ್ರವಾರ ಅವರು ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಸೈರನ್ ಹೊಡೆದದ್ದೇ ಬೆಚ್ಚಿ ಗಲ್ಲ ಕೊಯ್ದುಕೊಂಡರು. ಗಾಯಕ್ಕೆ ಪಟಿಕ ಒತ್ತಿಕೊಂಡೇ ಹೊರಗೆ ಬಂದು ತೀರ್ಪು ಕೊಟ್ಟರು.

"ರಾಮದುರ್ಗದಾಗ ನಮ್ಮ ಪೈಕಿ ಒಬ್ಬ ಅರಿವಿ ವ್ಯಾಪಾರಿ ಅದಾನ. ಇಂಥಾ ಗಾಡಿ ಹುಚ್ಚು ಅಂವಗ. ಮಂಗಳವಾರ ಬರಾಕ ಹೇಳತೇನಿ. ಅವತ್ತ ಸುಮ್ಮಕಿದ್ರ ಗಾಡಿ ನಿಂದು. ಒದರಿದ್ರ ಅಂವಂದು."

ಪುಣೆಯಲ್ಲಿ ಹಳೆ ಗಾಡಿ ಬಿಚ್ಚಿ ಮಾರುವವನಿಂದ ತರಿಸಿದ್ದ ಮಾಡ್ಯೂಲ್ ಪುಣ್ಯಕ್ಕೆ ಶನಿವಾರವೇ ಬಂತು. ಭಾನುವಾರ ಅಂಗಳದಲ್ಲಿ ಆಪರೇಷನ್. ನನ್ನ ಗಂಡ ಕಿತ್ತೂರಿನ ಸೊಸೈಟಿಯಲ್ಲಿ ಗುಮಾಸ್ತರು. ಸ್ಕ್ರೂ ಯಾವ ಕಡೆ ತಿರುಗಿದರೆ ಬಿಚ್ಚುತ್ತದೆ ಎಂದು ಇಂದಿಗೂ ಖಾತ್ರಿ ಇಲ್ಲದವರು. ಆದರೂ ಕೈಯಲ್ಲಿ ಫೋನ್ ಹಿಡಿದು, ಯಾವನೋ ಪರದೇಶಿ ಮಾಡಿದ ವಿಡಿಯೋ ನೋಡುತ್ತ, "ಹಗೂರಕ, ಹಗೂರಕ," ಎನ್ನುತ್ತಿದ್ದರು. ಅತ್ತೆ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದರು. ಮಾವ ಪೇಪರ್ ಓದುತ್ತಿದ್ದರು. ಹಾಳೆ ಮಾತ್ರ ತಿರುವುತ್ತಿರಲಿಲ್ಲ.

ಸೀಟು ಬಿಚ್ಚಿ ಬ್ಯಾಟರಿಯ ವಾಯರ್ ತೆಗೆದೆ. ತೆಗೆದದ್ದೇ ತಡ, ಸೈರನ್ ಹೊಡೆಯಿತು. ಗಾಡಿ ಕಳ್ಳರು ಕೂಡ ಮೊದಲು ಮಾಡುವ ಕೆಲಸ ಅದೇ ಎಂದು ಕಂಪನಿಯವರು ಸೈರನ್ನಿಗೆ ಒಳಗೇ ಬೇರೊಂದು ಪುಟ್ಟ ಬ್ಯಾಟರಿ ಇಟ್ಟಿದ್ದರು. ಜೀವ ಹೋದರೂ ಬಾಯಿ ಹೋಗದ ಪೈಕಿ. ಆ ಸೈರನ್ನನ್ನೇ ಕಿತ್ತು, ಅತ್ತೆಯ ಹಳೆ ಕೌದಿಯಲ್ಲಿ ಸುತ್ತಿ, ಮೇಲೆ ಕೂರುವಂತೆ ಗಂಡನಿಗೆ ಹೇಳಿದೆ. ಅವರು ಕೂತರು. ಕೌದಿಯೊಳಗಿಂದ ಅದು ಸಣ್ಣಗೆ ನರಳುತ್ತ, ಒಂದಿಷ್ಟು ಹೊತ್ತಿಗೆ ಸೋತು ಸುಮ್ಮನಾಯಿತು. ನಮ್ಮ ಮದುವೆಯಾದ ಮೇಲೆ ಅವರು ಮಾಡಿದ ಅತ್ಯಂತ ಉಪಯುಕ್ತ ಕೆಲಸ ಅದೇ ಎಂದು ಅತ್ತೆಯೂ ಒಪ್ಪಿಕೊಂಡರು.

ಹೊಸ ಮಾಡ್ಯೂಲ್ ಕೂಡಿಸಿ ಎಲ್ಲ ಜೋಡಿಸಿದೆ. ದೀಪ ಹತ್ತಿದವು. ಎಂಜಿನ್ ಮಾತ್ರ ಕೆಮ್ಮಲಿಲ್ಲ ಕೂಡ. ವಿಡಿಯೋ ಮತ್ತೆ ನೋಡಿದಾಗ ತಿಳಿಯಿತು: ಗಾಡಿ ನಿಂತಿದೆಯೋ ಬಿದ್ದಿದೆಯೋ ಎಂದು ನೋಡಿಕೊಳ್ಳುವುದೂ ಆ ಪೆಟ್ಟಿಗೆಯದೇ ಕೆಲಸ, ಬಿದ್ದರೆ ಎಂಜಿನ್ ಬಂದ್. ನಾನು ಪೆಟ್ಟಿಗೆಯನ್ನು ತಲೆಕೆಳಗು ಕೂಡಿಸಿದ್ದೆ. ಹೀಗಾಗಿ ಗಾಡಿ ನೆಟ್ಟಗೆ ನಿಂತುಕೊಂಡೇ ತಾನು ಬಿದ್ದಿದ್ದೇನೆ ಎಂದು ನಂಬಿತ್ತು. ನಮ್ಮ ಮನೆಯಲ್ಲಿ ನಾಲ್ಕರ ಚಹಾ ತಡವಾದರೆ ಮಾವನೂ ಹೀಗೆಯೇ, ನೆಟ್ಟಗೆ ಕುರ್ಚಿಯಲ್ಲಿ ಕೂತೇ "ನಂದೇನ ಮುಗೀತು ಬಿಡ್ರಿ" ಎನ್ನುತ್ತಾರೆ.

ಪೆಟ್ಟಿಗೆ ತಿರುವಿ ಕೂಡಿಸಿದೆ. ಡಬ್ಬಿಯಿಂದ ರಿಮೋಟ್ ತೆಗೆದು, ಅದು ನಮ್ಮದೇ ಎಂದು ಹೊಸ ಪೆಟ್ಟಿಗೆಗೆ ಪರಿಚಯ ಮಾಡಿಸಿದೆ. ಗಾಡಿ ಗುಡುಗಿತು. ಅತ್ತೆ ಕಾಯಿ ಒಡೆದು, ಗಾಲಿಗೆ ಲಿಂಬಿಹಣ್ಣು ಇಟ್ಟರು. ನಾನು ರಿಮೋಟನ್ನು ಡಬ್ಬಿಗೆ ಹಾಕಿ, ಮುಚ್ಚಳ ಹಾಗೇ ಮೇಲಿಟ್ಟು, ಜಂಬದಿಂದ ಕೈ ತೊಳೆದುಕೊಂಡೆ. ಸೋಮವಾರ ಸಂಗೊಳ್ಳಿಗೆ ಹೋಗಿ ಬಂದೆ. ಒಂದು ಚಕಾರ ಇಲ್ಲ.

ಮಂಗಳವಾರ ಬೆಳಿಗ್ಗೆ ರಾಮದುರ್ಗದ ವ್ಯಾಪಾರಿ ಬಂದು ಕಟ್ಟೆಯ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದರು. ಅತ್ತೆ ಪೂಜೆ ಮುಗಿಸಿ ಡಬ್ಬಿ ತಂದುಕೊಟ್ಟರು. ನಾನು ಎಲ್ಲರೆದುರು ಡೌಲಿನಿಂದ ಚಾವಿ ತಿರುಗಿಸಿದೆ.

ಗಾಡಿ ಒದರಿತು. ಹಿಂದೆಂದಿಗಿಂತ ಜೋರಾಗಿ ಒದರಿತು, ಹೊಸ ಪೆಟ್ಟಿಗೆಯಲ್ಲವೇ.

ರಿಮೋಟ್ ತೆಗೆದು ಬಡಿದು ಸುಮ್ಮನಾಗಿಸಿದೆ. ಮಾವ ಅಂಗೈ ಮುಂದೆ ಚಾಚಿದರು. ಚಾವಿ ಅದರಲ್ಲಿ ಹಾಕಿದೆ. ರಿಮೋಟ್ ಡಬ್ಬಿಗೆ ತುರುಕಿ, ಸಿಟ್ಟಿನಿಂದ ಮುಚ್ಚಳ ತಿರುವಿ, ಡಬ್ಬಿ ಚೀಲಕ್ಕೆ ಎಸೆದು ಬಸ್ಸಿಗೆ ಹೋದೆ. ಕಿಟಕಿ ಕಡೆ ಮುಖ ಮಾಡಿ ಕೂತೆ, ಕಂಡಕ್ಟರ್ ನೋಡಬಾರದೆಂದು.

ಅಂದು ಹತ್ತನೆಯ ವರ್ಗಕ್ಕೆ ನನ್ನ ಪ್ರತಿ ವರ್ಷದ ಜಾದೂ ಇತ್ತು. ಮೊಬೈಲನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಇನ್ನೊಂದು ಫೋನಿನಿಂದ ಕರೆ ಮಾಡುವುದು. ಲೋಹದ ಡಬ್ಬಿಯೊಳಗೆ ರೇಡಿಯೋ ಅಲೆ ಹೋಗುವುದಿಲ್ಲ, ಆದ್ದರಿಂದ ರಿಂಗಾಗುವುದಿಲ್ಲ ಎಂದು ತೋರಿಸುವುದು. ಪ್ರತಿ ವರ್ಷವೂ ಮೊದಲ ಸಲ ಅದು ರಿಂಗಾಗಿಯೇ ತೀರುತ್ತದೆ, ಮಕ್ಕಳು ನಗುತ್ತಾರೆ. ಅವತ್ತೂ ರಿಂಗಾಯಿತು, ನಕ್ಕರು.

"ಅಕ್ಕಾರ, ಮುಚ್ಚಳ ಸಡಲ ಐತ್ರಿ. ಬಿಗಿ ಮಾಡ್ರಿ," ಎಂದು ಇಡೀ ವರ್ಗ ಕೂಗಿತು.

ಬಿಗಿ ಮಾಡಿದೆ. ಫೋನ್ ಸತ್ತಂತೆ ಸುಮ್ಮನಾಯಿತು. ನಾನು ಕೈಯಲ್ಲಿ ಡಬ್ಬಿ ಹಿಡಿದು ನಿಂತುಬಿಟ್ಟೆ. ಮಂಗಳವಾರ, ಶುಕ್ರವಾರ ಅತ್ತೆ ಪೂಜೆ ಮಾಡಿ ಹೊಸ ಭಂಡಾರ ತುಂಬುತ್ತಾರೆ. ತುಂಬಿದ ಡಬ್ಬಿಯಿಂದ ನನ್ನ ಪುಸ್ತಕಗಳ ಮೇಲೆ ಪುಡಿ ಚೆಲ್ಲಬಾರದೆಂದು ಬಲ ಹಾಕಿ ಮುಚ್ಚಳ ತಿರುವುತ್ತಾರೆ. ಬಿಗಿ ಮುಚ್ಚಿದ ಹಿತ್ತಾಳೆಯೊಳಗಿಂದ ರಿಮೋಟಿನ ಮಾತು ಗಾಡಿಗೆ ಹೇಗೆ ಕೇಳೀತು? ಉಳಿದ ದಿನ ಮುಚ್ಚುವವಳು ನಾನು. ನಾನು ಯಾವ ಡಬ್ಬಿಯನ್ನೂ ನೆಟ್ಟಗೆ ಮುಚ್ಚಿದವಳಲ್ಲ, ಅಡುಗೆಮನೆಯ ಇರುವೆಗಳೇ ಸಾಕ್ಷಿ.

ಹೆಡ್ ಮಾಸ್ತರರಿಗೆ ಮನೆಯಲ್ಲಿ ತುರ್ತು ಎಂದು ಹೇಳಿ ಅರ್ಧ ದಿನದ ರಜೆ ಹಾಕಿ ಓಡಿದೆ. ನಮ್ಮ ಓಣಿಯ ಮೂಲೆಗೇ ಸೈರನ್ ಕೇಳಿಸಿತು. ಬಾಗಿಲಲ್ಲಿ ಟೆಂಪೋ ನಿಂತಿತ್ತು. ಹಲಗೆಯ ಮೇಲೆ ಅರ್ಧ ಏರಿದ ಗಾಡಿಯನ್ನು ಹಮಾಲರು ದಬ್ಬುತ್ತಿದ್ದರು. ಅವರು ದಬ್ಬಿದಷ್ಟೂ ಅದು ಒದರುತ್ತಿತ್ತು. ವ್ಯಾಪಾರಿ ಕಿವಿಯಲ್ಲಿ ಬೆರಳಿಟ್ಟುಕೊಂಡಿದ್ದರು. ಓಣಿಯೆಲ್ಲ ನೆರೆದಿತ್ತು, ಹಾಲಿನ ಬಾಯಿ ಎಲ್ಲರಿಗಿಂತ ಮುಂದೆ.

"ತಡೀರಿ," ಎನ್ನುತ್ತ ಓಡಿಹೋಗಿ, ಡಬ್ಬಿ ತೆಗೆದು, ಸೆರಗಿನಿಂದ ಹಿಡಿದು ಮುಚ್ಚಳ ತಿರುವಿದೆ. ಮೊದಲು ಜಗ್ಗಲಿಲ್ಲ. ಆಮೇಲೆ ಒಮ್ಮೆಲೇ ಬಿಟ್ಟುಕೊಂಡಿತು. ಭಂಡಾರವೆಲ್ಲ ಹಾರಿ ಗಾಡಿಯ ಮೇಲೆ, ಹಮಾಲರ ಮೇಲೆ, ವ್ಯಾಪಾರಿಯ ಬಿಳಿ ಅಂಗಿಯ ಮೇಲೆ ಬಿತ್ತು. ಗಾಡಿ ಎರಡು ಸಲ ದೀಪ ಮಿಣುಕಿಸಿ ತಟ್ಟನೆ ಸುಮ್ಮನಾಯಿತು.

ವ್ಯಾಪಾರಿ ಕಿವಿಯಿಂದ ಬೆರಳು ತೆಗೆದರು.

"ಉಧೋ ಉಧೋ," ಎಂದು ಹಾಲಿನ ಬಾಯಿ ಎಲ್ಲಮ್ಮನ ಜಯಕಾರ ಸುರು ಮಾಡಿದಳು. ಉಳಿದವರು ಎತ್ತಿಕೊಂಡರು. ವ್ಯಾಪಾರಿ ಚಪ್ಪಲಿ ಕಳಚಿ ಗಾಡಿಗೆ ಕೈಮುಗಿದರು.

"ಇದು ಅಕೀ ಗಾಡಿ ಅದರಿ ಯಜಮಾನ್ರ. ನಾ ಒಯ್ಯಂಗಿಲ್ಲ. ನಂಗೂ ಹೆಂಡ್ರು ಮಕ್ಕಳದಾರ," ಎಂದು ಮಾವನಿಗೆ ಹೇಳಿ ಹಲಗೆ ಇಳಿಸಿದರು.

ನಾನು ಬಾಯಿ ತೆರೆದೆ. ಹಿತ್ತಾಳೆ, ರೇಡಿಯೋ ಅಲೆ, ತಿರುಪು, ಎಲ್ಲ ನಾಲಿಗೆಯ ತುದಿಗೆ ಬಂದಿತ್ತು. ಮಾವ ಕೂಡ ಕೈ ಮುಗಿದು ನಿಂತಿದ್ದು ಕಂಡಿತು. ಬಾಯಿ ಮುಚ್ಚಿಕೊಂಡೆ. ವಿಜ್ಞಾನಕ್ಕೆ ಆಮೇಲೆ ಸಮಜಾಯಿಷಿ ಕೊಟ್ಟರಾಯಿತು, ಮೊದಲು ಗಾಡಿ ಟೆಂಪೋದಿಂದ ಇಳಿಯಲಿ.

ಸಂಜೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಅತ್ತೆ ತಲೆ ಎತ್ತದೆ ಕೇಳಿದರು, "ಮುಚ್ಚಳಾ ಬಿಗಿ ಆಗಿತ್ತೇನು?"

ನಾನು ಹೌದೆಂದೆ.

"ಹಂಗಾದ್ರ ಅದನ್ನ ಒದರಸಾಕತ್ತಿದ್ದಾಕಿ ನಾನ." ಅವರು ರೊಟ್ಟಿ ತಿರುವಿದರು. "ನಿಮ್ಮ ಮಾವಗ ಹೇಳಬ್ಯಾಡ. ಮಾರಾಕ ಮತ್ತ ಧೈರ್ಯ ಬರತೈತಿ."

ನಾನು ನಕ್ಕೆ. ಅವರು ನಗಲಿಲ್ಲ. "ಗಾಡಿ ಹೊಂಟಿತ್ತಲಾ, ಮುಂಜಾನಿಂದ ಒಂದ ತುತ್ತು ಇಳದಿಲ್ಲ ನಂಗ," ಎಂದರು. "ನನ್ನ ಒಮ್ಮೆರ ಗುಡ್ಡಕ್ಕ ಕರಕೊಂಡ ಹೋಗತಿ ಏನು ಅದರ ಮ್ಯಾಲ? ಕೇಳಬೇಕಂತ ಮಾಡಿ ಮಾಡಿ ಬಿಟ್ಟೇನಿ."

ಮಂಗಳವಾರ, ಶುಕ್ರವಾರ ಅತ್ತೆ ಡಬ್ಬಿಯ ಮುಂದೆ ಅಷ್ಟು ಹೊತ್ತು ಕೂತು ಏನು ಬೇಡಿಕೊಳ್ಳುತ್ತಿದ್ದರು ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

ಹಳೆ ಇಳಕಲ್ ಸೀರೆಯಲ್ಲಿ ಅವರೇ ಒಂದು ಅರಿವೆ ಸಂಚಿ ಹೊಲಿದರು. ರಿಮೋಟ್ ಮತ್ತು ಭಂಡಾರ ಈಗ ಅದರಲ್ಲಿ. ಮುಂದಿನ ಭಾನುವಾರ ಇಬ್ಬರೂ ಗುಡ್ಡಕ್ಕೆ ಹೊರಟೆವು. ಸಂಚಿ ಅವರ ಟೊಂಕದಲ್ಲಿ, ಅವರ ಎರಡೂ ಕೈ ನನ್ನ ಹೆಗಲ ಮೇಲೆ. ಸವದತ್ತಿ ದಾಟುವವರೆಗೆ ಉಸಿರೆತ್ತಲಿಲ್ಲ. ಆಮೇಲೆ ಕಿವಿಯ ಹತ್ತಿರ ಬಂದು, "ಇದಕ ಇಷ್ಟ ಓಡಾಕ ಬರತೈತೇನು?" ಎಂದರು. ನಾನು ಇನ್ನಷ್ಟು ಓಡಿಸಿದೆ.

ದರ್ಶನ ಮುಗಿಸಿ ಇಳಿಯುವಾಗ ಉಗರಗೋಳದಲ್ಲಿ ಅವರು ಬಳೆ ಅಂಗಡಿಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಬೇಸತ್ತು ಚಾವಿ ತಿರುಗಿಸಿದೆ. ಸಂಚಿ ಅವರ ಟೊಂಕದಲ್ಲಿರುವುದು ಮರೆತೇಹೋಗಿತ್ತು. ಗಾಡಿ ಕಳ್ಳಿಯನ್ನು ಹಿಡಿದಂತೆ ಒದರಿತು. ಜನ ನನ್ನನ್ನೇ ನೋಡಿದರು.

ಅಂಗಡಿಯೊಳಗಿಂದ ಅತ್ತೆ, ಅರ್ಧ ಬಳೆ ಏರಿದ ಕೈ ಎತ್ತಿ, ನನ್ನ ಕಡೆ ನೋಡದೆ ಗಾಡಿಗೆ ಹೇಳಿದರು, "ಬಂದ್ನಿ ತಡಿಯವಾ, ಎಲ್ಲಿ ಹೋಗೇನಿ ನಾ."