ಒಪ್ಪಿಸದೆ ಉಳಿದ ಪಾಠ

ನನ್ನ ಗೆಳತಿಯನ್ನು ಇಡೀ ಆಸ್ಪತ್ರೆ ಪೆದ್ದಕ್ಕ ಎಂದು ಕರೆಯುತ್ತಿತ್ತು. ಆಪರೇಷನ್ ವಾರ್ಡಿನಲ್ಲಿ ಇಪ್ಪತ್ತಾರು ವರ್ಷ ನರ್ಸ್ ಆಗಿದ್ದಳು. ಅವಳು ಹೋಗಿ ಒಂದು ವರ್ಷವಾಯಿತು. ಹೇಗೆ ಬದುಕಿದಳು ಎಂದು ಬರೆಯುವುದು ಸುಲಭ. ಯಾಕೆ ಸತ್ತಳು ಎಂಬುದನ್ನೂ ಮುಚ್ಚಿಡದೆ ಬರೆಯಬೇಕಾಗಿದೆ.

ನಲವತ್ತು ಹಾಸಿಗೆಗೆ ಇಬ್ಬರು ನರ್ಸ್. ಎಷ್ಟು ಓಡಾಡಿದರೂ ಎಲ್ಲರ ಗಾಯ ನೋಡುವುದು ಆಗದ ಮಾತು. ಆದರೆ ಪ್ರತಿ ಹಾಸಿಗೆಯ ಪಕ್ಕದಲ್ಲಿ ಒಬ್ಬ ತಾಯಿಯೋ ಹೆಂಡತಿಯೋ ಅಣ್ಣನೋ ಇರುತ್ತಿದ್ದರು.

"ಇಷ್ಟೊಂದು ಕೈ ಸುಮ್ಮನೆ ಕೂತಿವೆ, ನಾವು ನೋಡಿದ್ರೆ ಕೈ ಸಾಲ್ದು ಅಂತ ಗೋಳಾಡ್ತೀವಿ," ಎಂದು ಒಂದು ದಿನ ಪೆದ್ದಕ್ಕ ಅವರನ್ನೆಲ್ಲ ಕಾರಿಡಾರಿನ ಬೆಂಚಿಗೆ ಕರೆದಳು. ಕೈ ತೊಳೆಯುವುದು, ಗಾಯದ ಬಟ್ಟೆ ಬದಲಿಸುವುದು, ಉಸಿರು ಎಣಿಸುವುದು, ಯಾವ ಲಕ್ಷಣ ಕಂಡರೆ ತಡಮಾಡದೆ ಆಸ್ಪತ್ರೆಗೆ ಬರಬೇಕು ಎನ್ನುವುದು, ಅಷ್ಟೇ ಪಾಠ. ಬೇಕಾದದ್ದು ಒಂದು ಬಕೆಟ್ ನೀರು, ಒಂದು ಸಾಬೂನು.

ರೋಗಿ ಮನೆಗೆ ಹೊರಡುವ ದಿನ ಅವಳು ಏನೂ ತಿಳಿಯದವಳಂತೆ ಮುಖ ಮಾಡಿ ಕೂರುವಳು. "ನಂಗೇನೂ ಗೊತ್ತಿಲ್ಲಮ್ಮ, ನೀವೇ ಹೇಳ್ಕೊಡಿ." ಹೆಸರು ಬಂದದ್ದು ಅಲ್ಲಿಂದ. ಮನೆಯವರು ಅವಳಿಗೆ ಪಾಠ ಒಪ್ಪಿಸಬೇಕು. ತಪ್ಪಿಲ್ಲದೆ ಒಪ್ಪಿಸಿದರೆ ಬಿಡುಗಡೆಯ ಚೀಟಿಯ ಮೂಲೆಯಲ್ಲಿ ಅವಳ ಸಹಿ ಬೀಳುತ್ತಿತ್ತು. ಕಚೇರಿಯಲ್ಲಿ ಆ ಸಹಿ ನೋಡಿ ಮುದ್ರೆ ಒತ್ತುವುದು ನನ್ನ ಕೆಲಸ. ಸಹಿ ಇಲ್ಲದಿದ್ದರೆ ಮುದ್ರೆಯಿಲ್ಲ. ಎರಡು ವರ್ಷ ಕಳೆಯುವುದರೊಳಗೆ, ಗಾಯ ಕೀವಾಗಿ ಮರಳಿ ಬರುವವರು ಅರ್ಧಕ್ಕರ್ಧ ಕಡಿಮೆಯಾದರು.

ಸುದ್ದಿ ಕೇಳಿ ಶ್ರೀಮಂತ ದೇಶವೊಂದರಿಂದ ಡಾಕ್ಟರೊಬ್ಬರು ಬಂದರು, ಹೆಂಗಸು. ನಮ್ಮ ಮಾತನ್ನು ತಕ್ಕಮಟ್ಟಿಗೆ ಕಲಿತೇ ಬಂದಿದ್ದರು. ತಮ್ಮಲ್ಲಿ ಯಂತ್ರಗಳಿಗೆ ಬರವಿಲ್ಲ, ಆದರೆ ಮನೆಯವರು ಭೇಟಿಯ ಹೊತ್ತಿಗೆ ಬಂದು ಹೂ ಇಟ್ಟು ಹೋಗುತ್ತಾರೆ, ಆಮೇಲೆ ಮನೆಯಲ್ಲಿ ಏನು ಮಾಡಬೇಕೆಂದು ತಿಳಿಯದೆ ತಿಂಗಳೊಳಗೆ ರೋಗಿಯನ್ನು ವಾಪಸ್ ಕರೆತರುತ್ತಾರೆ ಎಂದರು. ಪಾಠದ ಪುಸ್ತಕವಿದ್ದರೆ ಕೊಡಿ ಎಂದು ಕೇಳಿದರು.

"ಪುಸ್ತಕ ಇಲ್ಲ ಡಾಕ್ಟ್ರೇ. ಬೆಂಚಲ್ಲಿ ಜಾಗ ಇದೆ."

ಮೂರನೆಯ ದಿನ ಅವರೂ ಪಾಠ ಒಪ್ಪಿಸಲು ಕೂತರು. ಗಾಯದ ಬಟ್ಟೆಗೆ ಕೈ ಹಾಕಿದ್ದೇ ತಡ, ಪಕ್ಕದಲ್ಲಿದ್ದ ಅಜ್ಜಿಯೊಬ್ಬರು, "ಕೈ ತೊಳೀದೆ ಮುಟ್ತೀಯಲ್ಲೇ ತಾಯಿ, ಅಷ್ಟೊಂದು ಓದಿ ಏನ್ ಬಂತು?" ಎಂದರು. ಬೆಂಚಿಗೆ ಬೆಂಚೇ ನಕ್ಕಿತು. ಡಾಕ್ಟರು ಕಿವಿಯವರೆಗೂ ಕೆಂಪಾಗಿ ಬಕೆಟ್ಟಿನ ಕಡೆ ನಡೆದರು.

"ಇವತ್ತು ಫೇಲು. ನಾಳೆ ಬನ್ನಿ," ಎಂದಳು ಪೆದ್ದಕ್ಕ. ಮರುದಿನ ಅವರು ಪಾಸಾದರು.

ಕಳೆದ ವರ್ಷ ಪೆದ್ದಕ್ಕನಿಗೇ ಪಿತ್ತಕೋಶದ ಆಪರೇಷನ್ ಆಯಿತು. ಮನೆಯಲ್ಲಿ ಅವಳಿಗಿದ್ದದ್ದು ತಂಗಿ ಒಬ್ಬಳೇ, ಬಟ್ಟೆ ಹೊಲಿಯುವವಳು. ಆರನೆಯ ದಿನ ಅಕ್ಕತಂಗಿಯರು ಚೀಟಿ ಹಿಡಿದು ನನ್ನ ಮೇಜಿನ ಮುಂದೆ ನಿಂತರು. ಚೀಟಿಯ ಮೂಲೆ ಖಾಲಿಯಿತ್ತು.

"ಸಹಿ ಎಲ್ಲೇ?" ಎಂದೆ.

"ನನ್ನ ಚೀಟಿಗೆ ನಾನೇ ಹಾಕ್ಕೊಳ್ಲಾ? ಒತ್ತೇ, ಹೊಟ್ಟೆ ಹಿಡ್ಕೊಂಡು ನಿಂತಿದೀನಿ."

"ನಾನೂ ಬೆಂಚಲ್ಲಿ ಕೂತು ಕಲೀಬೇಕಾ?" ತಂಗಿ ನನ್ನನ್ನು ಕೇಳಿದಳು.

"ಮೇಷ್ಟ್ರೇ ಮನೇಲಿರುವಾಗ ನಿಂಗ್ಯಾಕೇ ಪಾಠ?" ಎಂದೆ. ಮೂವರೂ ನಕ್ಕೆವು. ಮುದ್ರೆ ಒತ್ತಿದೆ.

ಮನೆಗೆ ಹೋದ ಮೂರನೆಯ ದಿನ ಪೆದ್ದಕ್ಕನಿಗೆ ಜ್ವರ ಬಂತು. ಆಸ್ಪತ್ರೆಗೆ ಹೋಗೋಣವೆಂದು ತಂಗಿ ಅಂದಾಗಲೆಲ್ಲ, "ಸುಮ್ನಿರೇ, ನಂಗೊತ್ತಿಲ್ವಾ?" ಎಂದಳಂತೆ. ಅಕ್ಕನಿಗೆ ಗೊತ್ತಿದೆ ಎಂದು ತಂಗಿ ಸುಮ್ಮನಾದಳು. ಜ್ವರ ಏರಿದವರ ಮಾತು ಕೇಳಬೇಡಿ, ತಮಗೇನಾಗುತ್ತಿದೆ ಎಂದು ಅವರಿಗೇ ತಿಳಿಯುವುದಿಲ್ಲ ಎಂದು ಸಾವಿರಾರು ಜನರಿಗೆ ಹೇಳಿಕೊಟ್ಟವಳ ಮನೆಯಲ್ಲಿ ಅದನ್ನು ಹೇಳುವವರಿರಲಿಲ್ಲ. ಐದನೆಯ ದಿನ ಅವಳು ತಂಗಿಯನ್ನು ಅಮ್ಮಾ ಎಂದು ಕರೆಯತೊಡಗಿದಾಗ ತಂಗಿ ಆಟೋದಲ್ಲಿ ಆಸ್ಪತ್ರೆಗೆ ಕರೆತಂದಳು. ನಂಜು ರಕ್ತಕ್ಕೆ ಸೇರಿತ್ತು. ಎರಡು ದಿನವಷ್ಟೇ ಉಳಿದಳು.

ಹೋದ ತಿಂಗಳು ಆ ವಿದೇಶಿ ಡಾಕ್ಟರಿಂದ ಕಾಗದ ಬಂತು. ತಮ್ಮ ಆಸ್ಪತ್ರೆಯಲ್ಲೂ ಬೆಂಚು ಹಾಕಿದ್ದಾರೆ. ಪಾಠ ಶುರುವಾಗುವ ದಿನ ಪೆದ್ದಕ್ಕನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ, ಅವರು ತೀರಿಕೊಂಡದ್ದು ಹೇಗೆ ಎಂದು ಕೇಳಿದ್ದರು.

"ಆಪರೇಷನ್ ಆದಮೇಲಿನ ತೊಂದರೆಯಿಂದ ಅಂತ ಬರೀರಿ ಸಾಕು," ಎಂದರು ನಮ್ಮ ದೊಡ್ಡ ಡಾಕ್ಟರು. "ನಮ್ಮನ್ನ ನೋಡಿ ಕಲೀತಿದಾರೆ. ಮನೆ ಹುಳುಕು ಅವರಿಗ್ಯಾಕೆ?"

ಸುಳ್ಳೇನಲ್ಲವಲ್ಲ ಎಂದುಕೊಂಡು ಹಾಗೆಯೇ ಬರೆದೆ. ಕಳಿಸುವ ಮುನ್ನ ತಂಗಿಗೆ ತೋರಿಸಬೇಕೆನಿಸಿತು. ಅವಳು ಹೊಲಿಗೆ ಯಂತ್ರ ನಿಲ್ಲಿಸಿ ಓದಿದಳು, ಇನ್ನೊಮ್ಮೆ ಓದಿದಳು.

"ಅಲ್ಲೂ ನರ್ಸ್‌ಗಳಿಗೆ ತಂಗಿಯರು ಇರ್ತಾರಲ್ವಾ?" ಎಂದಳು. ನನ್ನ ಮುಖ ನೋಡಲಿಲ್ಲ.

ಅವಳ ಮೇಜಿನ ಮೇಲಿದ್ದ ಬಟ್ಟೆ ಸರಿಸಿ, ಅಲ್ಲೇ ಕೂತು ಬೇರೆ ಕಾಗದ ಬರೆದೆ. ನಡೆದದ್ದನ್ನೆಲ್ಲ ಬರೆದೆ. ಕೊನೆಯಲ್ಲಿ, "ನಿಮ್ಮವರೇ ಕಾಯಿಲೆ ಬಿದ್ದಾಗಲೂ ಅವರ ಮನೆಯವರನ್ನು ಬೆಂಚಿನಲ್ಲಿ ಕೂರಿಸಿ. ಇಲ್ಲಿ ಕೂರಿಸದೆ ಕಳಿಸಿದವಳು ನಾನು," ಎಂದು ಬರೆದು ಅವಳ ಕೈಗೆ ಕೊಟ್ಟೆ.

ಅವಳು ಓದಿ, ಮಡಚಿ, ತಾನೇ ಲಕೋಟೆಗೆ ಹಾಕಿ ಅಂಟಿಸಿದಳು.