ಅಕ್ಕನ ಎರಡು ಹಲ್ಲು

ನಾನು ಚಿಕ್ಕವಳಿದ್ದಾಗ, ಬಸವಾಪಟ್ಟಣದ ನಮ್ಮ ಮನೆಯಲ್ಲಿ ದೊಡ್ಡಪ್ಪನಿಗೆ ಎದುರಾಡುವವರೇ ಇರಲಿಲ್ಲ. ಅವರು ಅಪ್ಪನ ಅಣ್ಣ. ಒಂದು ಮಧ್ಯಾಹ್ನ ಮಜ್ಜಿಗೆಗೆ ಉಪ್ಪು ಹೆಚ್ಚಾಯಿತೆಂದು ಕೈಯಲ್ಲಿದ್ದ ಹಿತ್ತಾಳೆ ಚೊಂಬನ್ನು ಅಕ್ಕನ ಮೇಲೆ ಬೀಸಿ ಎಸೆದರು. ಹದಿನಾರು ವರ್ಷದ ಅಕ್ಕನ ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಹೋದವು. ಮಜ್ಜಿಗೆಯೂ ರಕ್ತವೂ ಕಲೆತು ನೆಲದ ಮೇಲೆ ಹರಿದದ್ದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ.

"ಬಾವಿಕಟ್ಟೆ ಮೇಲೆ ಜಾರಿ ಬಿದ್ದಳು ಅಂತ ಹೇಳ್ರಿ" ಎಂದು ದೊಡ್ಡಪ್ಪ ಮನೆಯವರಿಗೆಲ್ಲ ಅಪ್ಪಣೆ ಮಾಡಿದರು. ಎಂಟು ವರ್ಷದ ನನಗೂ ಅದನ್ನು ಬಾಯಿಪಾಠ ಮಾಡಿಸಿದರು. ಶಾಲೆಯಲ್ಲಿ, ಅಂಗಡಿಯಲ್ಲಿ, ಕೇಳಿದವರಿಗೆಲ್ಲ ನಾನು ಅದನ್ನೇ ಒಪ್ಪಿಸಿದೆ. ಅಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿದೇ ಓಡಾಡುತ್ತಿದ್ದಳು. ನಗುವುದನ್ನೇ ಬಿಟ್ಟಳು.

ಮೂರು ತಿಂಗಳ ಮೇಲೆ, ನ್ಯಾಮತಿಯಿಂದ ಗಂಡಿನ ಕಡೆಯವರು ಬರುತ್ತಾರೆಂಬ ಸುದ್ದಿ ಬಂತು. ಆಗ ದೊಡ್ಡಪ್ಪನಿಗೆ ಅಕ್ಕನ ಹಲ್ಲಿನ ನೆನಪಾಯಿತು! ಅದು ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿತ್ತು. ಅದರ ಹೊಗೆಗೆ ಕೆಮ್ಮುತ್ತ ಅಪ್ಪ, ದೊಡ್ಡಪ್ಪ, ಅಕ್ಕ ಚನ್ನಗಿರಿಗೆ ಹೊರಟರು. ಅಕ್ಕ ನನ್ನ ಕೈ ಬಿಡಲಿಲ್ಲವಾದ್ದರಿಂದ ನಾನೂ ಹೋದೆ.

ಶಿವಮೊಗ್ಗದಿಂದ ವಾರಕ್ಕೊಮ್ಮೆ ಬರುವ ಹಲ್ಲಿನ ಡಾಕ್ಟರು ಬಟ್ಟೆ ಅಂಗಡಿಯ ಮಹಡಿಯಲ್ಲಿ ಕೂರುತ್ತಿದ್ದರು. ಕೋಣೆಯ ತುಂಬ ಲವಂಗದ ಎಣ್ಣೆಯ ವಾಸನೆ. ಅಕ್ಕನ ಬಾಯಿ ನೋಡಿ ಅವರು ತಿರುಗಿದ್ದು ಅಪ್ಪನ ಕಡೆಗೆ. "ಎರಡು ದಾರಿ ಐತೆ ನೋಡ್ರಿ. ಆಚೀಚೆ ಇರೋ ಗಟ್ಟಿ ಹಲ್ಲನ್ನ ಅರದಿಂದ ಉಜ್ಜಿ ಸಣ್ಣ ಮಾಡಿ, ಅವಕ್ಕೆ ಚಿನ್ನದ ಕವಚ ಹಾಕಿ, ನಡುವೆ ಎರಡು ಚಿನ್ನದ ಹಲ್ಲು ಕೂರಿಸಬಹುದು. ಅದು ಕದಲಲ್ಲ. ಇಲ್ಲಾ, ಅಂಗುಳಕ್ಕೆ ಅಂಟಿ ಕೂರೋ ಕೆಂಪು ರಬ್ಬರಿನ ತಟ್ಟೆಗೆ ಬಿಳಿ ಹಲ್ಲು ಕೂರಿಸಿ ಕೊಡ್ತೀನಿ. ಅದನ್ನ ದಿನಾ ತೆಗೆದು ತೊಳೀಬೇಕು. ಕಡಿಯಾಕೆ ಸ್ವಲ್ಪ ಕಷ್ಟ."

"ಚಿನ್ನದ್ದೇ ಹಾಕ್ರಿ," ಅಂದರು ದೊಡ್ಡಪ್ಪ. "ನಮ್ಮ ಮನೆತನ ಎಂಥದ್ದು ಅಂತ ನ್ಯಾಮತಿಯವರಿಗೆ ತಿಳೀಲಿ."

ಕುರ್ಚಿಯಲ್ಲಿ ಕೂತವಳನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಡಾಕ್ಟರು ಅರ ಎತ್ತಿಕೊಳ್ಳುತ್ತ, "ಹಲ್ಲು ಹೆಂಗೆ ಹೋದವು?" ಎಂದರು. ದೊಡ್ಡಪ್ಪ ನನ್ನ ಬೆನ್ನಿಗೆ ತಿವಿದರು. "ಬಾವಿಕಟ್ಟೆ ಮೇಲೆ..." ಎಂದು ನಾನು ಶುರು ಮಾಡಿದೆ.

"ಸುಳ್ಳು!" ಅಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. ಹಲ್ಲಿಲ್ಲದ ಸಂದಿಯಿಂದ ಮಾತು ಸಿಳ್ಳಿನಂತೆ ಬರುತ್ತಿತ್ತು. "ಇವರೇ ಚೊಂಬು ಎಸೆದು ಉದುರಿಸಿದ್ರು. ಇವರ ಸಿಟ್ಟಿಗೆ ಎರಡು ಹಲ್ಲು ಹೋದವು. ಇವರ ಜಂಬಕ್ಕೆ ಇನ್ನೆರಡು ಕೊಡಾಕೆ ನಾನು ತಯಾರಿಲ್ಲ. ನನ್ನ ಗಟ್ಟಿ ಹಲ್ಲು ಮುಟ್ಟಬ್ಯಾಡ್ರಿ. ನನಗೆ ತಟ್ಟೆ ಸಾಕು."

ದೊಡ್ಡಪ್ಪನ ಕೈ ಮೇಲೆದ್ದಿತು. ಅಪ್ಪ ಆ ಕೈಯನ್ನು ಹಿಡಿದುಕೊಂಡರು. "ಬಾಯಿ ಅವಳದು ಅಣ್ಣಯ್ಯ. ಅವಳು ಹೇಳಿದ್ದೇ ಆಗಲಿ" ಎಂದರು. ನನಗೆ ಅಪ್ಪನ ಮೇಲೂ ಸಿಟ್ಟು ಉಕ್ಕಿತು. ಈ ಮಾತು ಮೂರು ತಿಂಗಳ ಹಿಂದೆ ಯಾಕೆ ಬರಲಿಲ್ಲ?

ದೊಡ್ಡಪ್ಪ ದಡದಡ ಮೆಟ್ಟಿಲಿಳಿದು ಹೋದರು. ಡಾಕ್ಟರು ಬಿಸಿನೀರಲ್ಲಿ ಮೆತ್ತಗಾದ ಮೇಣವನ್ನು ಅಕ್ಕನ ಅಂಗುಳಕ್ಕೆ ಒತ್ತಿ ಅಚ್ಚು ತೆಗೆದರು. ಮೂರು ವಾರಕ್ಕೆ ತಟ್ಟೆ ಬಂತು. ಮೊದಮೊದಲು ಅವಳಿಗೆ ವಾಕರಿಕೆ. ರೊಟ್ಟಿಯನ್ನು ಚೂರು ಮಾಡಿಕೊಂಡೇ ತಿನ್ನಬೇಕಿತ್ತು. ನ್ಯಾಮತಿಯವರು ಬಂದಾಗ ನಡೆದದ್ದನ್ನೆಲ್ಲ ತಾನೇ ಹೇಳಿದಳು. ಅವರು ಮತ್ತೆ ಬರಲಿಲ್ಲ. ಎರಡು ವರ್ಷದ ಮೇಲೆ ಹೊನ್ನಾಳಿಯ ಮೇಷ್ಟ್ರೊಬ್ಬರು ಎಲ್ಲ ತಿಳಿದೇ ಅವಳನ್ನು ಮದುವೆಯಾದರು. ದೊಡ್ಡಪ್ಪ ಸಾಯುವವರೆಗೂ "ತಪ್ಪಾಯ್ತು" ಅನ್ನಲಿಲ್ಲ. ಹಿರಿಯರನ್ನು ಕ್ಷಮಿಸಬೇಕು ಎಂದು ಎಲ್ಲರೂ ನನಗೆ ಬುದ್ಧಿ ಹೇಳಿದರು. ನಾನು ಕ್ಷಮಿಸಿಲ್ಲ, ಮಕ್ಕಳೇ.

ಮೊನ್ನೆ ಕಬಡ್ಡಿ ಆಡುವಾಗ ನಿಮ್ಮ ದೊಡ್ಡಕ್ಕ ಹಲ್ಲು ಮುರಿದುಕೊಂಡಳಲ್ಲ, ಅವಳ ಜೊತೆ ನಾನೂ ದಾವಣಗೆರೆಗೆ ಹೋಗಿ, ತೆರೆದ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತು ಎಲ್ಲ ನೋಡುತ್ತಿದ್ದೆ. ದವಡೆಗೆ ತಿರುಪು ಕೂರಿಸಿ ಹಲ್ಲು ಹಾಕುವುದು, ಪಕ್ಕದ ಹಲ್ಲಿನ ಆಸರೆಯಲ್ಲಿ ನಿಲ್ಲಿಸುವುದು, ತೆಗೆದು ಹಾಕುವಂಥದ್ದು, ಎಲ್ಲವನ್ನೂ ಡಾಕ್ಟರಮ್ಮ ಪರದೆಯ ಮೇಲೆ ತೋರಿಸಿ, ಅವಳನ್ನೇ ಕೇಳಿದರು. ನಿಮ್ಮಪ್ಪ ನಡುವೆ ಏನೋ ಹೇಳಲು ಹೋದ. "ಅಪ್ಪಾ, ನಾನು ಯೋಚನೆ ಮಾಡಿ ಹೇಳ್ತೀನಿ" ಎಂದಳು ಅವಳು. ಅವನು ಹೊರಗೆ ಬಂದು, ಬೆಂಚಿನಲ್ಲಿ ನನ್ನ ಪಕ್ಕ ಕೂತು ಕಾದ.