ಕುದುರೆಗೆ ಹಾಕಬಹುದಾ?

ಮೆಕ್ಕೆಜೋಳಕ್ಕೆ ಹತ್ತುವ ಬೂಷ್ಟು ಯಾವಾಗ ವಿಷ ತಯಾರಿಸುತ್ತದೆ, ಯಾವಾಗ ಸುಮ್ಮನಿರುತ್ತದೆ ಎಂದು ಆರು ವರ್ಷ ಓದಿ, ಹೆಸರಿನ ಮುಂದೆ ಡಾಕ್ಟರ್ ಸೇರಿಸಿಕೊಂಡವನು ನಾನು. ದಾವಣಗೆರೆಯಲ್ಲಿ ಈ ವಿಷಯ ಕೇಳುವವರು ಒಬ್ಬರೂ ಇಲ್ಲ. ತರಗತಿಯಲ್ಲಿ ಹುಡುಗರು ಮೊಬೈಲ್ ನೋಡುತ್ತಾರೆ. ಮನೆಯಲ್ಲಿ ನಾನು ಬಾಯಿ ತೆರೆದರೆ ಹೆಂಡತಿ ಮಿಕ್ಸಿ ಹಾಕುತ್ತಾಳೆ.

ಅಂಥದ್ದರಲ್ಲಿ ಒಂದು ಭಾನುವಾರ ಬೆಳಿಗ್ಗೆ ಹರಿಹರದ ಚಾಚಾ ಕೆ.ಬಿ. ಬಡಾವಣೆಯ ನಮ್ಮ ಮನೆಗೆ ಬಂದರು. ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆಗೆ ಕೊಡುವುದು ಅವರ ಕಸುಬು. ಇರುವುದು ಒಂದೇ ಬಿಳಿ ಕುದುರೆ, ಅದರ ಮೇಲೇ ಗಂಡ ಹೆಂಡತಿಯ ಜೀವನ. ನನ್ನ ಮದುವೆಯಲ್ಲಿ ನನ್ನನ್ನು ಹೊತ್ತದ್ದೂ ಅದೇ. ಮೆರವಣಿಗೆ ಮುಗಿಯುವವರೆಗೂ ನಾನು ಅದರ ಕುತ್ತಿಗೆ ತಬ್ಬಿಕೊಂಡಿದ್ದಕ್ಕೆ ಆಲ್ಬಮ್ಮಿನಲ್ಲಿ ಸಾಕ್ಷಿಯಿದೆ.

ಚಾಚಾ ಕರವಸ್ತ್ರ ಬಿಚ್ಚಿ ಒಂದು ಹಿಡಿ ಮೆಕ್ಕೆಜೋಳ ತೋರಿಸಿದರು. ಮಂಡಿಪೇಟೆಯಲ್ಲಿ ಅಗ್ಗಕ್ಕೆ ಸಿಕ್ಕ ಚೀಲವಂತೆ. ಕೆಲವು ಕಾಳುಗಳಿಗೆ ತಿಳಿಗುಲಾಬಿ ಬೂಷ್ಟು ಹತ್ತಿತ್ತು.

“ಮೇಷ್ಟ್ರೇ, ನೀವು ಇದನ್ನೇ ಓದಿದೋರಂತೆ. ಕುದುರೆಗೆ ಹಾಕಬೌದಾ?”

ಉತ್ತರ ಒಂದೇ ಪದದ್ದು. ನಾನು ಇಪ್ಪತ್ತು ನಿಮಿಷ ತೆಗೆದುಕೊಂಡೆ.

“ಕೂಡ್ರಿ ಚಾಚಾ” ಎಂದು ಶುರುಮಾಡಿದೆ. ಬೂಷ್ಟು ಇದ್ದ ಮಾತ್ರಕ್ಕೆ ವಿಷ ಇರಲೇಬೇಕೆಂದಿಲ್ಲ ಎಂದೆ. ಸುತ್ತ ಸಾರಜನಕ ಕಡಿಮೆಯಾಯಿತು, ಹುಳಿ ಹೆಚ್ಚಾಯಿತು ಎಂಬುದು ಮೊದಲು ಬೂಷ್ಟಿನ ಜೀವಕೋಶಕ್ಕೆ ಗೊತ್ತಾಗಬೇಕು. ಅದನ್ನು ಮೊದಲು ಗುರುತಿಸಿದ ಪ್ರೋಟೀನು ಆ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸುತ್ತದೆ, ಅದು ಮತ್ತೊಂದಕ್ಕೆ. ಹೀಗೆ ಕೈಯಿಂದ ಕೈಗೆ ದಾಟಿ ಜೀನ್‌ಗಳನ್ನು ತಲುಪಿದ ಮೇಲೇ ವಿಷದ ತಯಾರಿ. ನಡುವೆ ಒಂದು ಕೊಂಡಿ ಕಳಚಿದರೂ ಸಾಕು, ಬೂಷ್ಟು ಹಾಯಾಗಿ ಬೆಳೆದೀತು, ವಿಷ ಮಾತ್ರ ಆಗದು. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ಚಿತ್ರವನ್ನೂ ಬರೆದೆ. ಚಾಚಾ ತಲೆಯಾಡಿಸುತ್ತ ಕೇಳಿದರು. ಖುಷಿಗೆ ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

“ಭಾಳ ಚಲೋ ಹೇಳಿದ್ರಿ, ಶುಕ್ರಿಯಾ” ಎಂದು ಹೋದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು: “ಕೊನೆಗೆ ಹಾಕ್ರಿ ಅಂದ್ರೋ, ಬ್ಯಾಡ ಅಂದ್ರೋ?”

ಮುರಿದ ರೊಟ್ಟಿಯನ್ನು ತಟ್ಟೆಗೇ ಇಟ್ಟೆ. ಎರಡನ್ನೂ ಅಂದಿರಲಿಲ್ಲ. ಈ ವಿಷ ಕುದುರೆಯ ಮೆದುಳನ್ನೇ ಹಾಳುಮಾಡುತ್ತದೆ. ನನ್ನ ಪ್ರಬಂಧದ ಮೊದಲ ಪುಟದಲ್ಲೇ ಈ ಮಾತಿದೆ, ಬರೆದವನೂ ನಾನೇ. ಫೋನ್ ಮಾಡಿದರೆ ಚಾಚಾ ಎತ್ತಲಿಲ್ಲ. ಕೈ ತೊಳೆದು ಸ್ಕೂಟರ್ ಹತ್ತಿದೆ. ಹರಿಹರ ಮುಟ್ಟುವವರೆಗೂ “ಹಾಕಬ್ಯಾಡ್ರಿ, ಹಾಕಬ್ಯಾಡ್ರಿ” ಎಂದು ಬಾಯಿಪಾಠ ಮಾಡಿದೆ. ಅಲ್ಲಿ ಹೋಗಿ ಮತ್ತೆ ಸಾರಜನಕದಿಂದ ಶುರುಮಾಡುವವನೇ ನಾನು ಎಂಬುದು ನನಗೆ ಗೊತ್ತಿತ್ತು.

ಚಾಚಾ ಮನೆ ಮುಂದೆ ಕುದುರೆ ಇರಲಿಲ್ಲ. ಖಾಲಿ ಚೀಲವೊಂದು ಗೋಡೆಯ ಮೇಲೆ ಒಣಗುತ್ತಿತ್ತು. “ಚಾಚಾ!” ಎಂದು ಕೂಗಿದೆ.

ಚಾಚಿ ಹೊರಗೆ ಬಂದರು. “ಬರ್ರಿ ಮೇಷ್ಟ್ರೇ. ಕುದುರೆ ಮೈ ತೊಳ್ಯಾಕೆ ಹೊಳಿಗೆ ಹೋಗ್ಯಾರ.”

“ಜೋಳ?”

“ಗುಂಡಿ ತೋಡಿ ಮುಚ್ಚಿಬಿಟ್ಟೆ. ಬೂಷ್ಟಿದ್ರೂ ವಿಷ ಇರಂಗಿಲ್ಲಂತೆ ಅಂತ ಇವರು ಬುಟ್ಟಿಗೆ ಸುರಿಯಾಕೆ ಹತ್ತಿದ್ರು. ಮೇಷ್ಟ್ರು ಎಷ್ಟೊತ್ತು ಮಾತಾಡಿದ್ರು ಅಂತ ಕೇಳಿದೆ. ಇಪ್ಪತ್ತು ನಿಮಿಷ ಅಂದ್ರು. ಚಲೋ ಇದ್ದಿದ್ರೆ ಹಾಕ್ರಿ ಅಂತ ಒಂದೇ ಮಾತಲ್ಲಿ ಕಳಿಸ್ತಿದ್ರು. ಇಷ್ಟು ಎಳದಾರ ಅಂದ್ರೆ ಏನೋ ಕೆಟ್ಟದೈತೆ ಅಂದೆ.”

ಅಲ್ಲೇ ಕಟ್ಟೆಯ ಮೇಲೆ ಕೂತೆ. ಕುದುರೆ ಉಳಿಯಿತೆಂಬ ಸಮಾಧಾನ ಎಷ್ಟಿತ್ತೋ ನಾಚಿಕೆಯೂ ಅಷ್ಟೇ ಇತ್ತು. ಸುದ್ದಿ ಹೇಗೆ ದಾಟುತ್ತದೆ ಎಂದು ಓದಿದವನು ನಾನು. ನನ್ನ ಒಂದು ಮಾತನ್ನೂ ಕೇಳದೆ ಸುದ್ದಿ ಹಿಡಿದವರು ಚಾಚಿ.

ಚಹಾ ಕೊಟ್ಟು ಚಾಚಿ ಎದುರಿಗೆ ಕೂತರು. “ಈಗ ಹೇಳ್ರಿ. ಹಾಕಬೌದಿತ್ತಾ?”

“ನೋಡ್ರಿ ಚಾಚಿ, ಸಾರಜನಕ ಕಡಿಮೆ ಆದಾಗ...”

ಚಾಚಿ ನನ್ನ ಮುಖವನ್ನೇ ನೋಡುತ್ತಿದ್ದರು.

“ಬ್ಯಾಡ” ಎಂದೆ.